ಬೈತಖೋಲದಲ್ಲಿ ಬೇಡಿ ಹಾಕಿದ ಗೂಢಚಾರ

ನಮಸ್ಕಾರ.

ನೀವು ಕಳಿಸಿದ ಕತೆ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಿಮ್ಮ ನಾಯಕ ಹೊರದೇಶದ ಬೇಹುಗಾರಿಕೆ ನೋಡಿಕೊಳ್ಳುವ ನಮ್ಮ ಸಂಸ್ಥೆ 'ರಾ'ದ ಅಧಿಕಾರಿ. ಕಾರವಾರದ ಬೈತಖೋಲ ಬಂದರಿನಲ್ಲಿ, ಬೋಟಿನಿಂದ ಮೀನಿನ ಬುಟ್ಟಿ ಇಳಿಯುವ ಹೊತ್ತಿಗೆ, ಎಲ್ಲರೆದುರು ಗುರುತಿನ ಚೀಟಿ ತೋರಿಸಿ ಒಬ್ಬನಿಗೆ ಬೇಡಿ ಹಾಕುತ್ತಾನೆ. ರಾಗೆ ಯಾರನ್ನೂ ಬಂಧಿಸುವ ಅಧಿಕಾರವಿಲ್ಲ, ಅದು ಪೊಲೀಸರ ಕೆಲಸ. 1962 ಮತ್ತು 1965ರ ಯುದ್ಧಗಳಲ್ಲಿ ಮಾಹಿತಿ ಸಾಲದೆ ಹೋಯಿತು ಅಂತ, ಹೊರದೇಶದ ಬೇಹುಗಾರಿಕೆಯನ್ನು 1968ರಲ್ಲಿ ಹಳೆಯ ಗುಪ್ತಚರ ಸಂಸ್ಥೆ ಐಬಿಯಿಂದ ಬೇರೆ ಮಾಡಿ ಆರ್. ಎನ್. ಕಾವ್ ಕೈಗೆ ಕೊಟ್ಟರು. ಹಾಗೆ ಹುಟ್ಟಿದ್ದು ರಾ.

ಇದು ತಿದ್ದಬಹುದಾದ ತಪ್ಪು. ದೊಡ್ಡ ತೊಂದರೆ ಬೇರೆ ಇದೆ. ಸುದ್ದಿ ತರುವುದು ಬೇಹುಗಾರಿಕೆ. ಬೇರೆ ದೇಶದಲ್ಲಿ ಏನಾದರೂ ನಡೆಯುವಂತೆ ಮಾಡಿ, ಮಾಡಿಸಿದವರು ಯಾರೆಂದು ತಿಳಿಯದ ಹಾಗೆ ನೋಡಿಕೊಳ್ಳುವುದು ಗುಪ್ತ ಕಾರ್ಯಾಚರಣೆ. 1948ರಲ್ಲಿ ಅಮೆರಿಕ ಈ ಕೆಲಸವನ್ನು ತನ್ನ ಗುಪ್ತಚರ ಸಂಸ್ಥೆ ಸಿಐಎಗೆ ವಹಿಸಿದಾಗ ಆದೇಶದಲ್ಲೇ ಹೇಳಿತ್ತು, ಬಯಲಾದರೂ ಸರ್ಕಾರ ತನಗೆ ಸಂಬಂಧವಿಲ್ಲ ಎನ್ನುವಂತಿರಬೇಕು ಅಂತ. ಅಂದರೆ ಸಿಕ್ಕಿಬಿದ್ದವನಿಗೆ ಯಾರೂ ದಿಕ್ಕಿಲ್ಲ. ಆ ಭಯ ನಿಮ್ಮ ಕತೆಯಲ್ಲಿ ಎಲ್ಲೂ ಇಲ್ಲ.

1971ರ ಆಗಸ್ಟ್ ನೋಡಿ. ಪಶ್ಚಿಮ ಬಂಗಾಳದ ಪ್ಲಾಸಿಯ ಹತ್ತಿರ ನದಿಯಲ್ಲಿ ನಮ್ಮ ನೌಕಾಪಡೆ ಬಂಗಾಳಿ ಹುಡುಗರಿಗೆ ತರಬೇತಿ ಕೊಟ್ಟು ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಬಂದರುಗಳಿಗೆ ಕಳಿಸಿತು. ಹಡಗಿನ ತಳಕ್ಕೆ ಅಂಟಿಸುವ ಸ್ಫೋಟಕವನ್ನು ಮೈಗೆ ಕಟ್ಟಿಕೊಂಡು ರಾತ್ರಿ ಈಜಬೇಕು. ಹೊರಡಲು ಸೂಚನೆ ಏನು ಗೊತ್ತಾ? ಕಲ್ಕತ್ತಾ ಆಕಾಶವಾಣಿಯಲ್ಲಿ ಬರುವ ಹಾಡು. ಎಷ್ಟೋ ಮನೆಗಳಲ್ಲಿ ಅಡುಗೆ ಮಾಡುತ್ತಲೇ ಅದನ್ನು ಕೇಳಿರುತ್ತಾರೆ. ಅಡಗಿ ಕೂತು ರೇಡಿಯೊಗೆ ಕಿವಿಗೊಟ್ಟವರಿಗೆ ಮಾತ್ರ ಅದರ ಅರ್ಥ ಗೊತ್ತಿತ್ತು. ನಿಮ್ಮ ಮೂರು ಪುಟದ ಗುಂಡಿನ ಕಾಳಗಕ್ಕಿಂತ ಆ ರೇಡಿಯೊ ಜಾಸ್ತಿ ಎದೆ ನಡುಗಿಸುತ್ತದೆ, ಅಲ್ವಾ?

ನಿಮ್ಮಲ್ಲೂ ಅಂಥದೊಂದು ಜಾಗ ಇದೆ. ಆರನೇ ಪುಟದಲ್ಲಿ ಅವನು ಎರಡು ವರ್ಷದ ಮೇಲೆ ಮನೆಗೆ ಬರುತ್ತಾನೆ. ಮಗ ದಿಲ್ಲಿಯಲ್ಲಿ ಗುಮಾಸ್ತ ಅಂತ ಆಯಿ ನಂಬಿದ್ದಾಳೆ. ಒಣ ಶೆಟ್ಲಿ (ಸಿಗಡಿ) ಆರಿಸುತ್ತಾ ಕೂತವಳು ಅವನ ಕುತ್ತಿಗೆ ನೋಡಿ, "ಫ್ಯಾನಿನ ಕೆಳಗೆ ಕೂತವರು ಇಷ್ಟು ಕಪ್ಪಾಗ್ತಾರೇನೋ?" ಅನ್ನುತ್ತಾಳೆ. ಅವನು ಸುಮ್ನೆ ಊಟಕ್ಕೆ ಕೂರುತ್ತಾನೆ. ಇಲ್ಲಿಗೆ ಬಂದಾಗ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ನೀವು ನಾಲ್ಕೇ ಸಾಲಿನಲ್ಲಿ ಅದನ್ನು ಮುಗಿಸಿ ಬಂದರಿಗೆ ಓಡಿಬಿಟ್ಟಿದ್ದೀರಿ.

ಬೇಡಿ, ಪಿಸ್ತೂಲು ಎಲ್ಲ ತೆಗೆಯಿರಿ. ಅವನು ಎಲ್ಲಿದ್ದ ಅಂತ ನಮಗೂ ಹೇಳಬೇಡಿ. ಊಟ ಬಡಿಸುತ್ತಾ ಆಯಿ ಮುಂದೆ ಏನು ಕೇಳುತ್ತಾಳೆ, ಅದನ್ನು ಬರೆದು ಮಳೆಗಾಲ ಮುಗಿಯುವುದರೊಳಗೆ ಕಳಿಸಿ. ನಾನು ಕಾಯುತ್ತಿರುತ್ತೇನೆ.