ಮೋಟಾರ್ ಆಮೇಲೆ ನೋಡೋಣ, ಮೊದಲು ಬರೆದುಕೊಳ್ಳಿ

ಸರ್, ನಿಮ್ಮ ಪೋಸ್ಟ್ ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಾಲ್ಕು ಜನ ಸೇರಿ ಒಬ್ಬರ ಜಮೀನಿನಲ್ಲಿ ಬೋರ್‌ವೆಲ್ ಕೊರೆಸೋಕೆ ಹೊರಟಿದ್ದೀರಿ. ಖರ್ಚು ಸಮಪಾಲು. "ಎಲ್ಲರೂ ನಮ್ಮವರೇ, ಕಾಗದ ಪತ್ರ ಏನೂ ಬೇಡ, ಐದು ಎಚ್‌ಪಿ ಮೋಟಾರ್ ಸಾಕಾ ಏಳೂವರೆ ಬೇಕಾ" ಅಂತ ಕೇಳಿದ್ದೀರಿ. ಕೆಳಗೆ ಕಾಮೆಂಟ್‌ನಲ್ಲಿ ಅಷ್ಟೂ ಜನ ಎಚ್‌ಪಿ ಹಿಡಿದುಕೊಂಡು ಜಗಳ ಆಡುತ್ತಿದ್ದಾರೆ. ಕಾಗದದ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ.

ನಾವು ಐದು ಜನ ಇದ್ದೆವು. ನೀರಿನ ಪಾಯಿಂಟ್ ಸಿಕ್ಕಿದ್ದು ಒಬ್ಬರ ಬದುವಿನ ಪಕ್ಕ. ನಾಲ್ಕು ವರ್ಷ ಜಾಗದ ವಿಷಯಕ್ಕೆ ಒಂದು ಮಾತೂ ಬರಲಿಲ್ಲ. ಐದನೇ ವರ್ಷ ಅವರು ಜಮೀನು ಮಾರಿದರು. ಕೊಂಡವರು ಬೇಲಿ ಹಾಕಿ ಗೇಟಿಗೆ ಬೀಗ ಜಡಿದರು. ಮೋಟಾರ್ ನಮ್ಮದು, ಕೇಬಲ್ ನಮ್ಮದು, ಪೈಪ್ ನಮ್ಮದು, ಗುಂಡಿ ಮಾತ್ರ ಅವರದು! ಕೊಂಡವರೇನು ಕೆಟ್ಟವರಲ್ಲ. "ನನ್ನ ಪತ್ರದಲ್ಲಿ ನಿಮ್ಮ ಹೆಸರು ಎಲ್ಲಿದೆ ತೋರಿಸಿ" ಅಂದರು, ಅಷ್ಟೇ. ತೋರಿಸೋಕೆ ನಮ್ಮ ಹತ್ತಿರ ಇದ್ದದ್ದು ಪೈಪಿನ ಬಿಲ್ಲು, ಅದೂ ಅಕ್ಷರ ಮಾಸಿ ಬಿಳಿ ಚೀಟಿ ಆಗಿತ್ತು. ನಮ್ಮದೇ ಮೋಟಾರ್ ಎತ್ತೋಕೆ ಅವರ ಅಪ್ಪಣೆ ಕೇಳಿಕೊಂಡು ಹೋದೆವು. ಅಷ್ಟರಲ್ಲಿ ಮೂರು ವರ್ಷದ ಗಿಡಗಳಲ್ಲಿ ಅರ್ಧ ಒಣಗಿದ್ದವು.

ಹಾಗಾಗಿ ಬೋರ್ ಕೊರೆಯೋ ರಿಗ್ ಲಾರಿ ಬರೋ ಮುಂಚೆ ಬೋರ್ ಇರೋ ಜಾಗ, ಮೋಟಾರ್ ಸ್ವಿಚ್ ಪ್ಯಾನಲ್ ಇಡೋ ಶೆಡ್, ಅಲ್ಲಿಗೆ ಹೋಗೋ ದಾರಿ, ಪೈಪ್‌ಲೈನ್ ಹಾದು ಹೋಗೋ ಪಟ್ಟಿ, ಇಷ್ಟನ್ನೂ ನಕ್ಷೆ ಸಮೇತ ಕರಾರಿನಲ್ಲಿ ಹಾಕಿ. ವಾರಸುದಾರರಿಗೂ ಮುಂದೆ ಕೊಳ್ಳುವವರಿಗೂ ಅನ್ವಯಿಸುತ್ತದೆ ಅನ್ನೋ ಸಾಲು ಇರಲೇಬೇಕು. ನೋಂದಣಿ ಮಾಡಿಸಿ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ನೋಡಿ, ಎಲ್ಲರೂ ಚೆನ್ನಾಗಿ ಇರುವಾಗಲೇ ಬರೆಯಬೇಕು. ಜಗಳ ಶುರುವಾದ ಮೇಲೆ ಯಾರೂ ಪೆನ್ನು ಹಿಡಿಯಲ್ಲ.

ಪಾಲುದಾರ ಬಿಟ್ಟು ಹೋದರೆ ಅವನ ಪಾಲು ಯಾರಿಗೆ? ಇದು ಎಲ್ಲರೂ ಮರೆಯುವ ವಿಷಯ. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನ ನಾಯಗಾಂವ್‌ನಲ್ಲಿ 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಅವರು ಪಾನಿ ಪಂಚಾಯತ್ ಅಂತ ನೀರು ಹಂಚಿಕೊಳ್ಳೋ ರೈತರ ಗುಂಪು ಶುರು ಮಾಡಿದರಲ್ಲ, ಅದರ ನಿಯಮ ನೋಡಿ. ನೀರಿನ ಹಕ್ಕು ಜಮೀನಿಗೆ ಅಂಟಿಕೊಂಡಿರಲಿಲ್ಲ. ಜಮೀನು ಮಾರಿದರೆ ನೀರಿನ ಪಾಲು ಗುಂಪಿಗೆ ವಾಪಸ್. ತಲೆಗೆ ಅರ್ಧ ಎಕರೆಯ ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಯದು. ಜಮೀನು ಇಲ್ಲದವರಿಗೂ ಪಾಲು. ಕಬ್ಬು ಬೆಳೆಯೋ ಹಾಗಿಲ್ಲ. ನಮಗೆ ಆ ಮೊದಲ ಸಾಲು ಗೊತ್ತಿದ್ದಿದ್ದರೆ ಸಾಕಿತ್ತು. ನಿಮ್ಮ ನಾಲ್ವರಲ್ಲಿ ಒಬ್ಬರು ಜಾಸ್ತಿ ನೀರು ಕುಡಿಯೋ ಬೆಳೆ ಹಾಕಿದರೆ ಏನು ಮಾಡುತ್ತೀರಿ ಅನ್ನೋದನ್ನೂ ಈಗಲೇ ಮಾತಾಡಿ.

ಇನ್ನು ನೀರಿನ ಸರದಿ. ಗಡಿಯಾರ ನೋಡಿ ಸರದಿ ಹಂಚಬೇಡಿ! ಬೆಳಗ್ಗೆ ಆರರಿಂದ ಒಂಬತ್ತು ನಿಮ್ಮದು ಅಂದರೆ, ಅದರಲ್ಲಿ ಎರಡು ಗಂಟೆ ಕರೆಂಟ್ ಹೋದರೆ ಯಾರ ನಷ್ಟ? ನಮ್ಮಲ್ಲಿ ಮುಖ ತಿರುಗಿಸಿಕೊಳ್ಳೋದು ಶುರುವಾಗಿದ್ದೇ ಇಲ್ಲಿಂದ. ಈಗ ಇರೋ ಗುಂಪಿನಲ್ಲಿ ಸ್ಟಾರ್ಟರ್ ಪ್ಯಾನಲ್‌ಗೆ ಅವರ್ ಮೀಟರ್, ಅಂದರೆ ಗಂಟೆ ಎಣಿಸೋ ಮೀಟರ್, ಹಾಕಿದ್ದೇವೆ. ಮೋಟಾರ್ ನಿಜವಾಗಿ ಓಡಿದಷ್ಟು ಹೊತ್ತು ಮಾತ್ರ ಅದು ತಿರುಗುತ್ತದೆ. ಸರದಿ ಶುರುವಿನ ಅಂಕಿ, ಕೊನೆಯ ಅಂಕಿ, ಸಹಿ, ಇಷ್ಟೇ. ಪುಸ್ತಕ ಶೆಡ್‌ನಲ್ಲೇ ದಾರ ಕಟ್ಟಿ ನೇತು ಹಾಕಿರುತ್ತೇವೆ. ಪೆನ್ನು ಮಾತ್ರ ನಿಲ್ಲಲ್ಲ, ಈಗ ಪೆನ್ಸಿಲ್ ಕಟ್ಟಿದ್ದೇವೆ. ತೀರಾ ಅಗ್ಗದ ಮೀಟರ್ ತರಬೇಡಿ. ನಾವು ಮೊದಲು ತಂದದ್ದು, ಕಂಪನಿ ಹೆಸರು ಬೇಡ ಬಿಡಿ, ಮೊದಲ ಮಳೆಗೇ ಒಳಗೆ ಮಂಜು ಕಟ್ಟಿ ಅಂಕಿಯೇ ಕಾಣಲಿಲ್ಲ. ಪ್ಯಾನಲ್‌ನಲ್ಲಿ ಡ್ರೈ ರನ್ ರಕ್ಷಣೆ ಇರಲಿ, ಅಂದರೆ ನೀರಿಲ್ಲದೆ ಓಡಿದರೆ ಮೋಟಾರ್ ತಾನಾಗೇ ನಿಲ್ಲಬೇಕು. ಅದಿಲ್ಲದ ಪ್ಯಾನಲ್ ಯಾವ ಬ್ರ್ಯಾಂಡ್ ಆದರೂ ನನ್ನ ಲೆಕ್ಕದಲ್ಲಿ ಬರೀ ತಗಡಿನ ಡಬ್ಬಿ.

ದೂರದವರಿಗೆ ಪೈಪ್ ತುಂಬೋ ಸಮಯ ಬಿಡಿ. 63 ಎಂಎಂ ಪೈಪ್ 400 ಮೀಟರ್ ಇದ್ದರೆ ಅದರೊಳಗೇ ಸುಮಾರು ಸಾವಿರ ಲೀಟರ್ ಹಿಡಿಯುತ್ತದೆ. ಗಂಟೆಗೆ 4,000 ಲೀಟರ್ ಬರೋ ಬೋರ್ ಆದರೆ ಕೊನೆಯವನು ಕಾಲು ಗಂಟೆ ಬರೀ ಗಾಳಿಯ ಸದ್ದು ಕೇಳಿಕೊಂಡು ನಿಂತಿರುತ್ತಾನೆ. ಪಂಜಾಬ್, ಹರಿಯಾಣದ ಕಾಲುವೆಗಳ ವಾರಾಬಂದಿಯಲ್ಲೂ (ಸರದಿ ಪ್ರಕಾರ ನೀರು ಬಿಡೋ ಪದ್ಧತಿ) ಕಾಲುವೆ ತುಂಬೋ ಹೊತ್ತಿಗೆ ಬೇರೆ ರಿಯಾಯಿತಿ ಇದೆ. ಪೈಪ್ ಖಾಲಿ ಆಗದ ಹಾಗೆ ವಾಲ್ವ್ ಹಾಕಿದ್ದರೆ ಈ ತಲೆನೋವು ಇಲ್ಲ, ಆದರೆ ವಾಲ್ವ್ ಸೋರುತ್ತಿದೆಯಾ ಅಂತ ಆಗಾಗ ನೋಡಬೇಕು.

ನೀರು ಕಡಿಮೆ ಆದ ವರ್ಷಕ್ಕೆ ಬೇರೆ ನಿಯಮ ಬೇಕು. ಬೇಸಿಗೆ ಬೆಳೆ ಹಾಕೋ ಮುಂಚೆ 200 ಲೀಟರ್ ಡ್ರಮ್ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಎಲ್ಲರೂ ನಿಂತು ನೋಡಿ. ಮೂರು ನಿಮಿಷ ಆದರೆ ಗಂಟೆಗೆ 4,000 ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಹೆಚ್ಚು ಕಡಿಮೆ 1 ಲಕ್ಷ ಲೀಟರ್, ಅಂದರೆ 25 ಗಂಟೆಗಿಂತ ಜಾಸ್ತಿ ಓಡಬೇಕು. ಆ ಲೆಕ್ಕದ ಮೇಲೆ ಎಲ್ಲರೂ ಒಂದೇ ಪ್ರಮಾಣದಲ್ಲಿ ಬೆಳೆ ಹಾಕೋ ಜಾಗ ಕಡಿಮೆ ಮಾಡಬೇಕು. ಬೋರ್‌ನೊಳಗೆ ಸಣ್ಣ ಪೈಪ್ ಒಂದನ್ನು ಮೊದಲೇ ಇಳಿಸಿಡಿ, ನೀರಿನ ಮಟ್ಟ ಅಳೆಯೋಕೆ ಟೇಪ್ ಬಿಡಲು ಬೇಕಾಗುತ್ತದೆ. ಮೋಟಾರ್ ನಿಲ್ಲಿಸಿ ರಾತ್ರಿ ಬಿಟ್ಟು ಬೆಳಗ್ಗೆ ಅಳೆಯಿರಿ. ಓಡಿಸಿದ ತಕ್ಷಣ ಅಳೆದರೆ ಸುಳ್ಳು ಅಂಕಿ ಬರುತ್ತದೆ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಬಾಯಿಮಾತಿನ ಗುತ್ತಿಗೆ ಜಮೀನಿಗೆ ಬದು ಹಾಕಿ ಮರ ನೆಡುತ್ತೇನೆ ಅಂದಿದ್ದಾರೆ. ನೆಡಿ, ಆದರೆ ಮರ ಯಾರದು ಅಂತ ಮೊದಲು ಬರೆಸಿಕೊಳ್ಳಿ. ನೈಜರ್ ದೇಶದಲ್ಲಿ ಮರ ಸರ್ಕಾರದ್ದು ಅಂತ ಇದ್ದಷ್ಟು ದಿನ ರೈತರು ಹೊಲದಲ್ಲಿ ಚಿಗುರಿದ್ದನ್ನೆಲ್ಲ ಕಿತ್ತು ಹಾಕುತ್ತಿದ್ದರು. 1980ರ ದಶಕದಿಂದ ಮರ ತಮ್ಮದೇ ಅನ್ನೋ ಧೈರ್ಯ ಬಂದ ಮೇಲೆ ಹಳೇ ಬುಡಗಳ ಚಿಗುರನ್ನೇ ಉಳಿಸಿಕೊಂಡು ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಎಬ್ಬಿಸಿದರು. ನಿಮ್ಮದು ವರ್ಷ ವರ್ಷದ ಗುತ್ತಿಗೆಯಾದರೆ ಮರ ಬಿಟ್ಟು, ಆ ವರ್ಷವೇ ಫಲ ಕೊಡೋ ಹಸಿರೆಲೆ ಗೊಬ್ಬರದ ಬೆಳೆಗೆ ಹೋಗಿ.

ಇನ್ನೊಂದು ಬಿಟ್ಟೆ. ಕರಾರಿನಲ್ಲಿ ಮನೆಯ ಹೆಂಗಸರ ಹೆಸರೂ ಸೇರಿಸಿ. ವಾಲ್ವ್ ತಿರುಗಿಸೋರು ಬಹಳ ಕಡೆ ಅವರೇ, ಗಂಡ ತೀರಿಕೊಂಡಾಗ ಮೊದಲು ಪಾಲು ಕಳೆದುಕೊಳ್ಳೋರೂ ಅವರೇ.

ಎಚ್‌ಪಿ ವಿಷಯ: ಕೊರೆಸಿದ ಮೇಲೆ ಬೋರ್ ಆಳ ಎಷ್ಟು, ನೀರು ಎಷ್ಟು ಅಡಿಗೆ ಸಿಕ್ಕಿತು, ವಿ-ನಾಚ್‌ನಲ್ಲಿ (ನೀರಿನ ಹರಿವು ಅಳೆಯೋ V ಆಕಾರದ ಕಚ್ಚಿನ ತಗಡು) ಎಷ್ಟು ಇಳುವರಿ ಬಂತು, ನೀರು ಎಷ್ಟು ಎತ್ತರಕ್ಕೆ ಹೋಗಬೇಕು, ಈ ನಾಲ್ಕು ಅಂಕಿ ಹಾಕಿ. ಅಲ್ಲಿವರೆಗೆ ಏಳೂವರೆ ತಗೊಳ್ಳಿ ಅನ್ನೋರ ಮಾತು ಕೇಳಬೇಡಿ, ಬೋರ್ ಇನ್ನೂ ಕೊರೆದೇ ಇಲ್ಲ ಅಲ್ವಾ?