ಕೊಳದ ಬಸವನಹುಳು ಸ್ಥಳೀಯವೋ ಹೊರಗಿನದೋ? ಗುರುತಿಸುವುದು ಹೇಗೆ?

ಸಿಹಿನೀರಿನ ಬಸವನಹುಳುಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆ ಹತ್ತಿರದ ಕೊಳದಲ್ಲಿ ದುಂಡನೆಯ ದೊಡ್ಡ ಬಸವನಹುಳುಗಳಿವೆ. ಅವು ಮೊದಲಿಂದಲೂ ಇವೆ ಅಂತ ಹಿರಿಯರು ಹೇಳುತ್ತಾರೆ. ಆದರೆ ಈ ಸಲ ನೀರಿನಿಂದ ಮೇಲೆದ್ದ ಗಿಡಗಳ ಕಾಂಡಕ್ಕೆ ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು ಅಂಟಿಕೊಂಡಿದೆ. ಹೊರಗಿನ ಜಾತಿ ಬಂದು ಸೇರಿದೆಯಾ? ಚಿಪ್ಪು ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಉತ್ತರ: ಚಿಪ್ಪು ಬಿಟ್ಟು ಮೊಟ್ಟೆ ನೋಡಿದಿರಲ್ಲ, ಅದು ತುಂಬಾ ಒಳ್ಳೆಯದಾಯಿತು. ಈ ಗುಂಪಿನ ಹುಳುಗಳಲ್ಲಿ ಚಿಪ್ಪಿಗಿಂತ ಮೊಟ್ಟೆಯೇ ಸ್ಪಷ್ಟವಾಗಿ ಮಾತಾಡುತ್ತದೆ.

ದುಂಡನೆಯ ದೊಡ್ಡ ಹುಳುಗಳನ್ನು ಆ್ಯಪಲ್ ಸ್ನೇಲ್ ಅಂತ ಕರೆಯುತ್ತಾರೆ. ಇವುಗಳಲ್ಲಿ ಜಾಸ್ತಿ ಗೊಂದಲ ಮಾಡುವ ಬಳಗಗಳು ಎರಡು. ಒಂದು ಪೈಲಾ. ಇದು ಏಷ್ಯಾ ಮತ್ತು ಆಫ್ರಿಕಾದ್ದು. ಇನ್ನೊಂದು ಪೊಮೇಸಿಯಾ. ಇದರ ಮೂಲ ಅಮೆರಿಕ ಖಂಡಗಳು. ಪೊಮೇಸಿಯಾ ಬಳಗದ ಕೆನಾಲಿಕ್ಯುಲೇಟಾ ಅನ್ನುವ ಜಾತಿ ದಕ್ಷಿಣ ಅಮೆರಿಕದ್ದು. ಜಗತ್ತಿನ ಅತ್ಯಂತ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. 1980ರ ಹೊತ್ತಿಗೆ ಇದನ್ನು ಸಾಕಿ ಮಾರುವ ಆಸೆಯಿಂದ ತೈವಾನಿಗೆ ತಂದರು. ಅಲ್ಲಿಂದ ಜಪಾನ್, ಫಿಲಿಪೀನ್ಸ್ ಮತ್ತು ಸುತ್ತಲಿನ ದೇಶಗಳಿಗೆ ಹೋಯಿತು. ಕೊಳ್ಳುವವರು ಸಿಗಲಿಲ್ಲ. ಹುಳುಗಳು ಕಾಲುವೆಗೆ ಇಳಿದವು, ಗದ್ದೆಗೆ ನುಗ್ಗಿದವು, ಎಳೆ ಭತ್ತದ ಸಸಿಗಳನ್ನು ಬುಡಕ್ಕೇ ಕತ್ತರಿಸಿ ತಿಂದವು. ಸ್ಪೇನಿನ ಎಬ್ರೋ ನದಿಯ ಮುಖಜ ಭೂಮಿಗೂ ಇದೇ ಬಳಗದ ಇನ್ನೊಂದು ಜಾತಿ ನುಗ್ಗಿತು. ಆಮೇಲೆ 2012ರಲ್ಲಿ ಯುರೋಪಿಯನ್ ಒಕ್ಕೂಟ ಪೊಮೇಸಿಯಾ ಬಳಗವನ್ನು ಪೂರ್ತಿಯಾಗಿ ತರುವುದನ್ನೇ ನಿಷೇಧಿಸಿತು.

ಈಗ ಮೊಟ್ಟೆಗೆ ಬರೋಣ. ಕೆನಾಲಿಕ್ಯುಲೇಟಾ ಹೆಣ್ಣು ಸಾಮಾನ್ಯವಾಗಿ ರಾತ್ರಿ ಹೊತ್ತು ನೀರಿನಿಂದ ಮೇಲೆ ಹತ್ತುತ್ತದೆ. ಕಾಂಡ, ಕಂಬ, ಗೋಡೆ, ಏನು ಸಿಕ್ಕರೂ ಸರಿ, ಅದಕ್ಕೆ ನೂರಾರು ಸಣ್ಣ ಮೊಟ್ಟೆಗಳ ಗೊಂಚಲು ಅಂಟಿಸುತ್ತದೆ. ಬಣ್ಣ ಎದ್ದು ಕಾಣುವ ಗುಲಾಬಿ. ಅದು ಅಡಗಿಕೊಳ್ಳುವ ಬಣ್ಣ ಅಲ್ಲ, ಎಚ್ಚರಿಕೆಯ ಬಣ್ಣ. ಮೊಟ್ಟೆಯೊಳಗೆ ನರಗಳಿಗೆ ಹಾನಿ ಮಾಡುವ ವಿಷದ ಪ್ರೋಟೀನ್ ಇರುತ್ತದೆ. ಹಾಗಾಗಿ ಇದನ್ನು ತಿನ್ನುವ ಪ್ರಾಣಿಗಳು ತೀರಾ ಕಡಿಮೆ. ಮರಿ ಹೊರಬರುವ ಹೊತ್ತಿಗೆ ಗುಲಾಬಿ ಮಾಸಿ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಹಳೆಯ ಗೊಂಚಲು ನೋಡಿ ಮೋಸ ಹೋಗಬೇಡಿ. ಬಣ್ಣ ಹೋಗಿದ್ದರೂ ಅದು ಅಂಟಿಕೊಂಡ ಜಾಗ ಸಾಕ್ಷಿ ಹೇಳುತ್ತದೆ.

ದಕ್ಷಿಣ ಏಷ್ಯಾದ ಪೈಲಾ ಗ್ಲೋಬೋಸಾ ಹೀಗೆ ಮಾಡುವುದಿಲ್ಲ. ಅದು ದಡದ ಹಸಿ ಮಣ್ಣಿನ ಗುಳಿಯಲ್ಲಿ ಬಿಳಿ ಮೊಟ್ಟೆ ಇಡುತ್ತದೆ. ಹುಡುಕದೆ ಇದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಹಿರಿಯರು ಹೇಳಿದ ಹಳೆಯ ಹುಳು ಇದ್ದರೂ ಅದರ ಮೊಟ್ಟೆ ಯಾರೂ ನೋಡದೆ ಇರುವುದು ಇದಕ್ಕೇ ಇರಬಹುದು.

ಎರಡನೆಯ ಗುರುತು ಮುಚ್ಚಳ. ಹುಳುವನ್ನು ಮೆಲ್ಲಗೆ ಮುಟ್ಟಿ. ಅದು ಒಳಗೆ ಸರಿದು ಬಾಯಿಗೆ ಒಂದು ಬಿಲ್ಲೆ ಮುಚ್ಚಿಕೊಳ್ಳುತ್ತದೆ. ಪೈಲಾದಲ್ಲಿ ಆ ಬಿಲ್ಲೆ ದಪ್ಪ, ಗಟ್ಟಿ, ಸುಣ್ಣದಿಂದಾದದ್ದು. ಒತ್ತಿದರೆ ಜಗ್ಗುವುದಿಲ್ಲ. ಪೊಮೇಸಿಯಾದ ಬಿಲ್ಲೆ ಕಂದು ಬಣ್ಣದ್ದು, ತೆಳ್ಳಗಿನದು, ಉಗುರಿನ ಹಾಗೆ ಸ್ವಲ್ಪ ಬಾಗುತ್ತದೆ. ಇದು ನನಗೆ ಅತ್ಯಂತ ನಂಬಿಕೆಯ ಪರೀಕ್ಷೆ. ಚಿಪ್ಪಿನ ಬಣ್ಣ, ಪಟ್ಟೆ, ಗಾತ್ರ ಇವೆಲ್ಲ ಒಂದೇ ಜಾತಿಯೊಳಗೂ ಬದಲಾಗುತ್ತವೆ. ಪಾಚಿ ಕಟ್ಟಿದರಂತೂ ಕೇಳುವುದೇ ಬೇಡ. ಮುಚ್ಚಳ ಹಾಗೆ ಬದಲಾಗುವುದಿಲ್ಲ.

ಚಿಪ್ಪನ್ನೇ ನೋಡಬೇಕು ಅಂದರೆ ಸುತ್ತುಗಳು ಕೂಡುವ ಗೆರೆ ನೋಡಿ. ಕೆನಾಲಿಕ್ಯುಲೇಟಾದಲ್ಲಿ ಆ ಗೆರೆ ಆಳವಾದ ಕಾಲುವೆಯಾಗಿ ಇಳಿದಿರುತ್ತದೆ. ಅಕ್ವೇರಿಯಂಗಳಲ್ಲಿ ಕಾಣುವ ಡಿಫ್ಯೂಸಾ ಅನ್ನುವ ಅದರ ನೆಂಟನಲ್ಲಿ ಇಷ್ಟು ಆಳ ಇರುವುದಿಲ್ಲ. ಅಲ್ಲಿ ಸುತ್ತಿನ ಭುಜ ಚಪ್ಪಟೆಯಾಗಿರುತ್ತದೆ.

ಒಂದು ಎಚ್ಚರಿಕೆ. 'ಪೊಮೇಸಿಯಾ ಅಂದರೆ ಹೊರಗಿನದು' ಅನ್ನುವ ಸೂತ್ರ ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಪೊಮೇಸಿಯಾ ಪಲೂಡೋಸಾ ಅನ್ನುವ ಸ್ಥಳೀಯ ಜಾತಿಯೇ ಇದೆ. ಅದರ ಮೊಟ್ಟೆಗಳು ದೊಡ್ಡವು, ಪೇಲವ ಬಣ್ಣದವು, ಗೊಂಚಲಿನಲ್ಲಿ ಸಂಖ್ಯೆ ಕಡಿಮೆ. ಅಲ್ಲಿಗೆ ಹೊರಗಿನಿಂದ ಬಂದ ಮ್ಯಾಕ್ಯುಲೇಟಾ ಒಂದೇ ಗೊಂಚಲಿನಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಮೊಟ್ಟೆ ಇಡಬಲ್ಲದು. ಸ್ನೇಲ್ ಕೈಟ್ ಅನ್ನುವ ಹದ್ದಿನ ಜಾತಿಯ ಹಕ್ಕಿ ಅಲ್ಲಿನ ಸ್ಥಳೀಯ ಹುಳುವನ್ನೇ ನಂಬಿಕೊಂಡು ಬದುಕುತ್ತಿತ್ತು. ಅಂಥ ಕಡೆ ತಪ್ಪು ಹುಳುವನ್ನು ಜಜ್ಜಿದರೆ ಹಕ್ಕಿಯ ಊಟವನ್ನೇ ಕಿತ್ತುಕೊಂಡ ಹಾಗೆ.

ನಿಮ್ಮ ಕೊಳದಲ್ಲಿ ಎರಡೂ ಒಟ್ಟಿಗೆ ಇರುವ ಸಾಧ್ಯತೆ ಇದೆ. ಒಂದು ಹುಳು ನೋಡಿ ಇಡೀ ಕೊಳಕ್ಕೆ ತೀರ್ಪು ಕೊಡಬೇಡಿ. ಬೇರೆ ಬೇರೆ ಜಾಗದ ಹಲವು ಹುಳುಗಳ ಮುಚ್ಚಳ ನೋಡಿ.

ಪ್ರಶ್ನೆ: ಅಕ್ವೇರಿಯಂಗೆ ಗಿಡ ಹಾಕಿದ ಮೇಲೆ ಸಣ್ಣ ಸಣ್ಣ ಹುಳುಗಳು ಕಾಣಿಸಿಕೊಂಡಿವೆ. ಹಳ್ಳದಲ್ಲಿ ನೋಡಿದ ಹುಳುಗಳ ಥರಾನೇ ಇವೆ. ಸಾಯಿಸೋಕೆ ಮನಸ್ಸಿಲ್ಲ. ಹಳ್ಳಕ್ಕೆ ಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ. ಹಳ್ಳದಲ್ಲಿರುವ ಜಾತಿಯೇ ಅಂತ ಖಚಿತವಾದರೂ ಬಿಡಬೇಡಿ. ಹುಳುವಿನ ಜೊತೆ ಪರಾವಲಂಬಿಗಳೂ ಹೋಗುತ್ತವೆ.

ಗುರುತಿಸುವ ಆಸೆ ಇದ್ದರೆ ಹೀಗೆ ಮಾಡಿ. ಚಿಪ್ಪಿನ ಚೂಪು ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಬಾಯಿ ನಿಮ್ಮ ಬಲಗಡೆ ಬಂದರೆ ಬಲಸುರುಳಿ, ಎಡಗಡೆ ಬಂದರೆ ಎಡಸುರುಳಿ. ಉದ್ದನೆಯ ತೆಳು ಚಿಪ್ಪು, ಎಡಸುರುಳಿ, ಮುಚ್ಚಳ ಇಲ್ಲ, ಕೊಂಬುಗಳು ದಾರದಷ್ಟು ಸಪೂರ ಅಂತಾದರೆ ಅದು ಹೆಚ್ಚಾಗಿ ಫೈಸಾ ಅಕ್ಯುಟಾ. ಇದರ ಜೊತೆ ಕಲೆಸಿಹೋಗುವ ಲಿಮ್ನಿಯಾ ಬಳಗದ ಹುಳುಗಳು ಬಲಸುರುಳಿಯವು. ಅವುಗಳ ಕೊಂಬು ಚಪ್ಪಟೆ, ತ್ರಿಕೋನ. ಹುಳು ಗಾಜಿನ ಮೇಲೆ ತೆವಳುವಾಗ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ಸುರುಳಿ ನೋಡುವಾಗ ಮೊಬೈಲಿನ ಸೆಲ್ಫಿ ಕ್ಯಾಮೆರಾ ಬಳಸಬೇಡಿ. ಕೆಲವು ಫೋನುಗಳು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ಆಗ ಎಡ ಬಲವಾಗುತ್ತದೆ, ಗುರುತು ಪೂರ್ತಿ ತಪ್ಪುತ್ತದೆ.

ಎಡಸುರುಳಿ ಕಂಡ ತಕ್ಷಣ ಹೊರಗಿನದು ಅಂತಲೂ ಹೇಳುವಂತಿಲ್ಲ. ಯುರೋಪಿನಲ್ಲಿ ಫೈಸಾ ಫಾಂಟಿನಾಲಿಸ್ ಅನ್ನುವ ಎಡಸುರುಳಿಯ ಸ್ಥಳೀಯ ಹುಳು ಇದೆ. ಚಪ್ಪಟೆ ಚಕ್ರದಂಥ ಚಿಪ್ಪಿನ ಹುಳುಗಳಲ್ಲೂ ಒಂದೊಂದು ಜಾತಿಗೆ ಒಂದೊಂದು ತವರು.

ಫೈಸಾ ಅಕ್ಯುಟಾದ ಕಥೆ ನನಗೆ ಬಹಳ ಇಷ್ಟ. 1805ರಲ್ಲಿ ಫ್ರಾನ್ಸಿನ ಗರೋನ್ ನದಿಯಲ್ಲಿ ಸಿಕ್ಕ ಹುಳುವಿನ ಮೇಲೆ ವಿಜ್ಞಾನಿ ದ್ರಾಪರ್ನೋ ಇದಕ್ಕೆ ಹೆಸರಿಟ್ಟರು. ಬಹಳ ಕಾಲ ಇದನ್ನು ಯುರೋಪಿನದೇ ಅಂತ ಭಾವಿಸಿದ್ದರು. ಆಮೇಲೆ ಗೊತ್ತಾಯಿತು, ಇದರ ಮೂಲ ಉತ್ತರ ಅಮೆರಿಕ. ವಿಜ್ಞಾನಕ್ಕೆ ಪರಿಚಯವಾದ ದಿನವೇ ಅದು ಪರದೇಶದಲ್ಲಿತ್ತು. ಒಂಟಿ ಹುಳು ಸಿಕ್ಕರೂ ಸಾಕು, ತನ್ನಲ್ಲೇ ಗರ್ಭಕಟ್ಟಿ ಮೊಟ್ಟೆ ಇಡಬಲ್ಲದು. ಗಿಡದ ಎಲೆಯ ಅಡಿಯಲ್ಲಿ ಅಂಟಿದ ಒಂದು ಲೋಳೆ ಮೊಟ್ಟೆಗುಡ್ಡೆ ಇಡೀ ತೊಟ್ಟಿ ತುಂಬಿಸುವುದು ಹೀಗೆ.

ಪ್ರಶ್ನೆ: ಉದ್ದನೆಯ ಶಂಕುವಿನಾಕಾರದ ಚಿಪ್ಪಿರುವ ಮೆಲನಾಯ್ಡಿಸ್ ಟ್ಯೂಬರ್ಕ್ಯುಲೇಟಾ ಬಗ್ಗೆ ಓದುತ್ತಿದ್ದೆ. ಒಂದು ಕಡೆ ಸ್ಥಳೀಯ ಅಂತಿದೆ, ಇನ್ನೊಂದು ಕಡೆ ಆಕ್ರಮಣಕಾರಿ ಅಂತಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಏಷ್ಯಾ ಮತ್ತು ಆಫ್ರಿಕಾದ ಎಷ್ಟೋ ನೀರುಗಳಲ್ಲಿ ಅದು ತವರಿನ ಹುಳು. ಅಮೆರಿಕ ಖಂಡಗಳಲ್ಲಿ ಅದು ಹೊರಗಿನಿಂದ ಹೋಗಿ ನೆಲೆಯೂರಿದ್ದು. ಸ್ಥಳೀಯ ಅನ್ನುವುದು ಹುಳುವಿನ ಮೈಮೇಲೆ ಬರೆದ ಗುರುತಲ್ಲ. ಹುಳು ಮತ್ತು ಜಾಗ ಎರಡನ್ನೂ ಒಟ್ಟಿಗೆ ಹೇಳಿದಾಗ ಮಾತ್ರ ಆ ಮಾತಿಗೆ ಅರ್ಥ. 'ಆಕ್ರಮಣಕಾರಿ ಹುಳುವಿನ ಲಕ್ಷಣ ಏನು' ಅಂತ ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಎಲ್ಲಿ ಸಿಕ್ಕಿತು ಅಂತ. ಮೊದಲು ಜಾತಿ ಗುರುತಿಸಬೇಕು. ಆಮೇಲೆ ಆ ಜಾತಿಯ ತವರು ಯಾವುದು ಅಂತ ನೋಡಬೇಕು.

ಇನ್ನೊಂದು ಮಾತು. ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿ ಅಲ್ಲ. ಎಷ್ಟೋ ಹುಳುಗಳು ಬಂದು ಮೂಲೆಯಲ್ಲಿ ಸುಮ್ನೆ ಇರುತ್ತವೆ, ಕೆಲವು ಉಳಿಯುವುದೇ ಇಲ್ಲ. ಹರಡಿ, ಹೆಚ್ಚಿ, ಅಲ್ಲಿನ ಜೀವಿಗಳಿಗೆ ಅಥವಾ ಬೆಳೆಗೆ ಹಾನಿ ಮಾಡಿದರೆ ಮಾತ್ರ ಆ ಹೆಸರು. ಈ ಎರಡನ್ನೂ ಒಂದೇ ಅಂದುಕೊಂಡು ಹೆದರುವವರನ್ನು ನೋಡಿದಾಗ ಬೇಸರವಾಗುತ್ತದೆ.

ಪ್ರಶ್ನೆ: ಮೀನು ಹಿಡಿಯಲು ಹೋದಾಗ ಬೂಟಿನ ಅಡಿಯಲ್ಲಿ ಕೆಲವೇ ಮಿಲಿಮೀಟರಿನ ಕಂದು ಹುಳುಗಳು ಅಂಟಿದ್ದವು. ಇಷ್ಟು ಸಣ್ಣವನ್ನು ಗುರುತಿಸುವುದು ಹೇಗೆ?

ಉತ್ತರ: ಬರಿಗಣ್ಣಿನಲ್ಲಿ ಕಷ್ಟ, ಫೋಟೋದಲ್ಲಿ ಇನ್ನೂ ಕಷ್ಟ. ಈ ಗಾತ್ರದಲ್ಲಿ ಹೆಸರಾದ ಆಕ್ರಮಣಕಾರಿ ಅಂದರೆ ನ್ಯೂಜಿಲೆಂಡಿನ ಮಡ್ ಸ್ನೇಲ್. ಹೊರನಾಡಿನಲ್ಲಿ ಅದು ಸಾಮಾನ್ಯವಾಗಿ 5-6 ಮಿಲಿಮೀಟರ್ ದಾಟುವುದಿಲ್ಲ. ಬಲಸುರುಳಿ, ಮುಚ್ಚಳ ಇದೆ. ಅದೇ ಗಾತ್ರದ, ಅದೇ ಬಣ್ಣದ ಸ್ಥಳೀಯ ಹುಳುಗಳು ಅನೇಕ ನದಿಗಳಲ್ಲಿವೆ. ಅವುಗಳಲ್ಲಿ ಕೆಲವು ಒಂದೇ ಒಂದು ಚಿಲುಮೆಯಲ್ಲಿ ಮಾತ್ರ ಬದುಕುವಂಥವು. ಹಾಗಾಗಿ ಸೂಕ್ಷ್ಮದರ್ಶಕವೋ ಡಿಎನ್‌ಎ ಪರೀಕ್ಷೆಯೋ ಇಲ್ಲದೆ ಖಚಿತವಾಗಿ ಹೇಳಬಾರದು. 1889ರಲ್ಲಿ ಥೇಮ್ಸ್ ನದಿಯ ಅಳಿವೆ ಪ್ರದೇಶದ ಈ ಹುಳುಗಳಿಗೆ ಹೊಸ ಜಾತಿ ಅಂತ ಬೇರೆ ಹೆಸರನ್ನೇ ಇಟ್ಟಿದ್ದರು. ಅವು ನ್ಯೂಜಿಲೆಂಡಿನವು ಅಂತ ತಿಳಿದದ್ದು ಆಮೇಲೆ.

ಹೊರನಾಡಿಗೆ ಹೋದ ಹುಳುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ಗಂಡಿಲ್ಲದೆ ಮರಿ ಹಾಕುತ್ತವೆ. ಒಡೆದ ಹೆಣ್ಣಿನ ಒಳಗೆ ಪುಟ್ಟ ಚಿಪ್ಪುಗಳು ಸಿಕ್ಕರೆ ಅದೊಂದು ಗಟ್ಟಿ ಸುಳಿವು. ಮೀನು ನುಂಗಿದರೂ ಕೆಲವು ಜೀವಂತವಾಗಿ ಹೊರಬರುತ್ತವೆ. ಅಮೆರಿಕದ ಸ್ನೇಕ್ ನದಿಯಲ್ಲಿ 1987ರಲ್ಲಿ ಕಂಡವು, ಆಮೇಲೆ ಪಶ್ಚಿಮದ ನದಿಗಳಲ್ಲೆಲ್ಲ ಹರಡಿದವು. ಹೆಸರು ಗೊತ್ತಾಗುವ ತನಕ ಕಾಯಬೇಡಿ. ಬೂಟು, ಬಲೆ ಉಜ್ಜಿ ತೊಳೆಯಿರಿ, ಕೆಸರು ಉಳಿಸಬೇಡಿ, ಪೂರ್ತಿ ಒಣಗಿಸಿ. ಒದ್ದೆ ಇದ್ದರೆ ಈ ಹುಳು ದಿನಗಟ್ಟಲೆ ಬದುಕುತ್ತದೆ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೂ ಆಗುತ್ತದೆ.

ಪ್ರಶ್ನೆ: ಹೊರಗಿನದು ಅಂತ ಅನುಮಾನ ಬಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಜಜ್ಜಿಬಿಡುವುದು ಸರಿಯಾ? ಔಷಧಿ ಏನಾದರೂ ಹಾಕಬಹುದಾ?

ಉತ್ತರ: ಅನುಮಾನದ ಮೇಲೆ ಯಾವುದನ್ನೂ ಕೊಲ್ಲಬೇಡಿ. ಸ್ಥಳೀಯ ಸಿಹಿನೀರಿನ ಹುಳುಗಳು ಮೊದಲೇ ಕಷ್ಟದಲ್ಲಿವೆ. ನೀರು ಕೊಳೆಯಾಗುತ್ತದೆ, ಅಣೆಕಟ್ಟು ಕಟ್ಟುತ್ತಾರೆ, ಚಿಲುಮೆ ಬತ್ತುತ್ತದೆ. ಅದರ ಮೇಲೆ ನಾವೂ ಗುರುತು ತಪ್ಪಿ ಜಜ್ಜಿದರೆ ಹೇಗೆ? ಮೈಲುತುತ್ತದಂಥ ತಾಮ್ರದ ಔಷಧಿ ಖಂಡಿತ ಬೇಡ. ಅದು ಸ್ಥಳೀಯ, ಹೊರಗಿನದು ಅಂತ ಭೇದ ಮಾಡುವುದಿಲ್ಲ, ಮೀನುಗಳನ್ನೂ ಬಿಡುವುದಿಲ್ಲ.

ಮೊದಲು ಫೋಟೋ ತೆಗೆಯಿರಿ. ಬಾಯಿ ಕಾಣುವಂತೆ ಒಂದು, ತುದಿಯ ಕಡೆಯಿಂದ ಒಂದು, ಮುಚ್ಚಳ ಹತ್ತಿರದಿಂದ ಒಂದು. ಪಕ್ಕದಲ್ಲಿ ಸ್ಕೇಲ್ ಇಡಿ. ಮೊಟ್ಟೆ ಇದ್ದರೆ ಅದು ನೀರಿನ ಮೇಲಿದೆಯೋ ಕೆಳಗಿದೆಯೋ ಕಾಣುವಂತೆ ದೂರದಿಂದಲೂ ತೆಗೆಯಿರಿ. ಎಳೆ ಹುಳುಗಳ ಫೋಟೋ ಒಂದನ್ನೇ ಕಳಿಸಬೇಡಿ, ಬಲಿತದ್ದರ ಜೊತೆ ಕಳಿಸಿ. ಮರಿಗಳೆಲ್ಲ ಒಂದೇ ಥರ ಕಾಣುತ್ತವೆ. ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಿದರೆ ತಿಳಿದವರು ನೋಡುತ್ತಾರೆ. ಆದರೆ ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. ಜೊತೆಗೆ ನಿಮ್ಮ ಭಾಗದ ಮೀನುಗಾರಿಕೆ, ಕೃಷಿ ಅಥವಾ ಪರಿಸರ ಇಲಾಖೆಗೂ ತಿಳಿಸಿ. ಬಂದ ಹೊಸದರಲ್ಲಿ ಗೊತ್ತಾದರೆ ತೆಗೆಯುವುದು ಸಾಧ್ಯ. ಇಡೀ ಕಾಲುವೆಗೆ ಹರಡಿದ ಮೇಲೆ ತುಂಬಾ ಕಷ್ಟ.

ಕೆನಾಲಿಕ್ಯುಲೇಟಾ ಅಂತ ತಿಳಿದವರು ಖಚಿತಪಡಿಸಿದರೆ ಗುಲಾಬಿ ಗೊಂಚಲುಗಳಿಂದ ಶುರು ಮಾಡಿ. ಅವನ್ನು ನೀರಿಗೆ ತಳ್ಳಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಎಳೆ ಮೊಟ್ಟೆಗೆ ಅದು ನಡೆಯಬಹುದು. ಬಲಿತ ಮೊಟ್ಟೆಯಿಂದ ಮರಿ ಹೊರಬಂದುಬಿಡುವ ಸಾಧ್ಯತೆ ಇದೆ. ಕೆರೆದು ತೆಗೆದು ಜಜ್ಜುವುದೇ ಮೇಲು. ಕೈಗವಸು ಹಾಕಿಕೊಳ್ಳಿ. ಮೊಟ್ಟೆಯ ವಿಷದ ಜೊತೆಗೆ, ಈ ಹುಳುಗಳಲ್ಲಿ ಇಲಿಗಳ ಶ್ವಾಸಕೋಶದ ಜಂತು ಇರಬಹುದು. ಅದು ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಸ್ಥಳೀಯ ಹುಳುಗಳನ್ನು ಮುಟ್ಟಿದರೂ ಅಷ್ಟೇ, ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳು ಜೊತೆಗಿದ್ದರೆ ಅವರ ಕೈಯನ್ನು ನೀವೇ ನಿಂತು ತೊಳೆಸಿ.