1,500 ರೂಪಾಯಿಯಲ್ಲಿ ವಿಜಯಪುರ ನೋಡಲು ಆಟೋ ಪ್ಯಾಕೇಜ್ ಒಳ್ಳೆಯದಾ, ಬಾಡಿಗೆ ಬೈಕಾ?

ಎರಡೂ ಬೇಡ. ಧಾರವಾಡದಿಂದ ಮೂವರು, ತಲಾ 1,500 ರೂಪಾಯಿ, ಶನಿವಾರ ವಿಜಯಪುರ, ಭಾನುವಾರ ಬಾದಾಮಿ-ಪಟ್ಟದಕಲ್ಲು-ಐಹೊಳೆ ಎಂದು ಬರೆದಿದ್ದೀರಿ. ನಿಮ್ಮ ಈ ಲೆಕ್ಕ ನನಗೆ ಹಳೆಯ ಪರಿಚಯ, ಡಿಗ್ರಿ ಓದುವಾಗ ನಾವೂ ಇದನ್ನೇ ಹಾಕುತ್ತಿದ್ದೆವು. ಮೊದಲು ಬಾದಾಮಿಯನ್ನು ಪಟ್ಟಿಯಿಂದ ಹೊಡೆದುಹಾಕಿ. ಅದು ಚಾಲುಕ್ಯರ ಊರು, ವಿಜಯಪುರದ ಕಟ್ಟಡಗಳಿಗಿಂತ ಸಾವಿರ ವರ್ಷ ಹಿಂದಿನದು, ಕಲ್ಲೂ ಬೇರೆ. ವಿಜಯಪುರದಿಂದ ಅಲ್ಲಿಗೆ ಹೋಗಿ ಮೂರೂ ಕಡೆ ತಿರುಗುವಷ್ಟರಲ್ಲಿ ದಿನವೂ ದುಡ್ಡೂ ಬಸ್ಸಿಗೇ ಹೋಗುತ್ತವೆ. ಎರಡೂ ದಿನ ವಿಜಯಪುರದಲ್ಲೇ ಇರಿ.

ವಾಹನ ಯಾಕೆ ಬೇಡ ಅಂದರೆ, ನೋಡುವ ಜಾಗಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. ಮೂಡಣ ತುದಿಯಲ್ಲಿ ರೈಲು ನಿಲ್ದಾಣ ಮತ್ತು ಗೋಳಗುಮ್ಮಟ, ಪಡುವಣ ತುದಿಯಲ್ಲಿ ಕೋಟೆ ಗೋಡೆಯಾಚೆ ಇಬ್ರಾಹಿಂ ರೋಜಾ ಎಂಬ ಗೋರಿ-ಮಸೀದಿ. ನಡುವೆ ಐದು ಕಿಲೋಮೀಟರ್ ಆಸುಪಾಸು. ಕಾಲು ಸೋತರೆ ಮುಖ್ಯರಸ್ತೆಯಲ್ಲಿ ಟಂಟಂ (ಶೇರ್ ಆಟೋ) ಸಿಗುತ್ತದೆ, ಸೀಟಿನ ಲೆಕ್ಕದಲ್ಲಿ ಹತ್ತಿ. "ಸ್ಪೆಷಲ್ ಬೇಕಾ", ಅಂದರೆ ಇಡೀ ಗಾಡಿ ನಿಮಗೇ ಬಾಡಿಗೆಗೆ ಬೇಕಾ, ಎಂದು ಕೇಳಿದರೆ ಬೇಡ ಅನ್ನಿ.

ಈಗ ಹೊರಗಿನವರು ಮಾಡುವ ದುಬಾರಿ ತಪ್ಪಿನ ಮಾತು. ಗೋಳಗುಮ್ಮಟಕ್ಕೆ ಹನ್ನೊಂದು ಗಂಟೆಗೆ ಹೋಗುವುದು. ಪ್ಯಾಕೇಜ್ ಆಟೋದವರು ನಾಷ್ಟಾ ಮುಗಿಸಿಕೊಂಡು ಬನ್ನಿ ಎಂದು ಕರೆದೊಯ್ಯುವುದೇ ಆ ಹೊತ್ತಿಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ ಗೋರಿ ಅದು. ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಮೂರು ಮೀಟರಿಗಿಂತ ತುಸು ಅಗಲದ ಜಗಲಿ ಇದೆ, ಪಿಸುಮಾತಿನ ಗ್ಯಾಲರಿ ಅಂದರೆ ಅದೇ. ಒಳವ್ಯಾಸ ಸುಮಾರು 38 ಮೀಟರ್. ಗೋಡೆಗೆ ಬಾಯಿ ಹತ್ತಿರ ಮಾಡಿ ಪಿಸುಗುಟ್ಟಿದರೆ ದನಿ ಗೋಡೆಯ ಬಾಗನ್ನೇ ಹಿಡಿದುಕೊಂಡು ಹೋಗುತ್ತದೆ. ಅರ್ಧ ಸುತ್ತು ಅಂದರೆ ಸುಮಾರು 60 ಮೀಟರ್, ಸೆಕೆಂಡಿನ ಐದನೇ ಒಂದು ಪಾಲಿನೊಳಗೆ ಎದುರಿಗಿದ್ದವರ ಕಿವಿಗೆ ಬಿತ್ತು. ಸದ್ದನ್ನು ಹೀರಿಕೊಳ್ಳಲು ಒಳಗೆ ಮರವಿಲ್ಲ, ಬಟ್ಟೆಯಿಲ್ಲ, ಬರೀ ಕಲ್ಲು ಗಾರೆ. ಹಾಗಾಗಿಯೇ ಒಂದು ಚಪ್ಪಾಳೆ ಏಳರಿಂದ ಹತ್ತು ಸಲ ಮರಳುತ್ತದೆ. ಹನ್ನೊಂದಕ್ಕೆ ಹೋದರೆ ಇದೇ ಗುಣ ಉಲ್ಟಾ ಹೊಡೆಯುತ್ತದೆ. ಪ್ರವಾಸಕ್ಕೆ ಬಂದ ಎರಡು ಶಾಲೆಯ ಮಕ್ಕಳು "ಹೋ" ಅಂದರೆ ಒಬ್ಬೊಬ್ಬರ ಕೂಗೂ ಏಳೆಂಟು ಸಲ ತಿರುಗುತ್ತದೆ, ಅದು ಅಡಗುವ ಮೊದಲೇ ಮುಂದಿನ ಕೂಗು. ಗುಮ್ಮಟ ಕುದಿಯುವ ಎಸರಿನಂತಾಗುತ್ತದೆ. ಪಕ್ಕದವರ ಮಾತೇ ಕೇಳಿಸದು, ಪಿಸುಮಾತು ಎಲ್ಲಿಂದ ಬಂತು? ಜನ ಇಳಿದುಬಂದು "ಅಷ್ಟೇನೂ ಇಲ್ಲ ಬಿಡ್ರಿ" ಅನ್ನುತ್ತಾರೆ. ನವೆಂಬರಿನಿಂದ ಜನವರಿವರೆಗೆ ಶಾಲಾ ಪ್ರವಾಸಗಳ ಕಾಲ, ಆಗಂತೂ ವಾರದ ದಿನಗಳಲ್ಲೂ ಇದೇ ಗತಿ.

ಆದ್ದರಿಂದ ಹಿಂದಿನ ಸಂಜೆಯೇ ಊರಿಗೆ ಬಂದು ಮಲಗಿ. ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ, ಆರಕ್ಕೇ ನಿಂತಿರಿ. ಟಿಕೆಟ್ 25 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ ಐದು ರೂಪಾಯಿ ಕಡಿಮೆ. ಚಪ್ಪಲಿ ಬಿಡಬೇಕು. ಕಾಲುಚೀಲ ಹಾಕಿಕೊಂಡಿರಿ, ಬೆಳಿಗ್ಗೆ ಕಲ್ಲು ಥಂಡಿ, ಹೊತ್ತೇರಿದರೆ ಮೇಲಿನ ತಾರಸಿ ಅಂಗಾಲು ಸುಡುತ್ತದೆ. ಮೂಲೆಯ ಏಳಂತಸ್ತಿನ ಗೋಪುರದೊಳಗೆ ಹತ್ತಬೇಕು. ಮೆಟ್ಟಿಲು ನೂರಕ್ಕೂ ಹೆಚ್ಚು, ಎತ್ತರ ಹೆಚ್ಚು, ಅಗಲ ಕಡಿಮೆ. ಏರುವವರೂ ಇಳಿಯುವವರೂ ಎದುರಾದರೆ ಗೋಡೆಗೆ ಒತ್ತಿ ನಿಲ್ಲಬೇಕು. ದೊಡ್ಡ ಬ್ಯಾಗ್ ಲಾಡ್ಜಿನಲ್ಲೇ ಇರಲಿ.

ಮೇಲೆ ಹೋದಮೇಲೆ ಕೂಗಬೇಡಿ. ಒಬ್ಬರು ಗೋಡೆಯತ್ತ ಮುಖಮಾಡಿ ಕೂರಿ, ಇನ್ನೊಬ್ಬರು ನೇರ ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಡಲಿ. ನಡುವಿನ ಬಯಲಿನತ್ತ ತಿರುಗಿ ಮಾತಾಡಿದರೆ ದನಿ ಚೆಲ್ಲಾಪಿಲ್ಲಿಯಾಗುತ್ತದೆ. ಬಸ್ ಟಿಕೆಟ್ ಹರಿಯಿರಿ, ಆ ಚರ್‍ರ್ ಸದ್ದೂ ಆಚೆ ಕೇಳುತ್ತದೆ. ಚಪ್ಪಾಳೆ ಒಂದೇ ತಟ್ಟಿ, ಪೂರ್ತಿ ಅಡಗಲು ಬಿಟ್ಟು ಆಮೇಲೆ ಇನ್ನೊಂದು. ಕೆಳಗೆ ಇಳಿದಾಗ ಕತ್ತೆತ್ತಿ ಕಮಾನುಗಳನ್ನು ನೋಡಿ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಲು ಎಂಟು ಕಮಾನುಗಳನ್ನು ಒಂದರೊಳಗೊಂದು ಹಾಯಿಸಿದ್ದಾರೆ. ನಡುವೆ ಒಂದೂ ಕಂಬವಿಲ್ಲ.

ಗೋಳಗುಮ್ಮಟದ ಮುಂದಿನ ನಖ್ಖಾರಖಾನೆಯಲ್ಲಿ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಇರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಂದು ಮಧ್ಯಾಹ್ನ ಜುಮ್ಮಾ ಮಸೀದಿಯಲ್ಲಿ ನಮಾಜಿನ ಜನ. ನೋಡುವ ದಿನ ಶುಕ್ರವಾರ ಬೇಡ.

ಅಲ್ಲಿಂದ ನಡೆದುಕೊಂಡೇ ಜುಮ್ಮಾ ಮಸೀದಿ. 1565ರ ತಾಳಿಕೋಟೆ ಯುದ್ಧದ ನಂತರ ಒಂದನೇ ಅಲಿ ಆದಿಲ್‌ಶಾಹ ಶುರುಮಾಡಿದ್ದು, ಕೊನೆಗೂ ಪೂರ್ತಿಯಾಗಲಿಲ್ಲ. ನೆಲದಲ್ಲಿ ಒಬ್ಬೊಬ್ಬರ ನಮಾಜಿಗೆ ಗೆರೆ ಎಳೆದ 2,250 ಚೌಕಗಳಿವೆ, ಔರಂಗಜೇಬನ ಕಾಲದವು. ಟಿಕೆಟ್ ಇಲ್ಲ, ಮೈತುಂಬ ಬಟ್ಟೆ ಇರಲಿ. ಮೆಹತರ್ ಮಹಲಿನ ಕೆತ್ತನೆಯ ಸಜ್ಜಾ ದಾರಿಯಲ್ಲೇ ಸಿಗುತ್ತದೆ. ಆಸಾರ್ ಮಹಲಿನ ಒಳಗೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ, ನಿಮ್ಮಲ್ಲಿ ಇಬ್ಬರು ಹುಡುಗಿಯರು ಎಂದಿದ್ದೀರಿ, ಮೊದಲೇ ಗೊತ್ತಿರಲಿ. ಗಗನ ಮಹಲ್ 1561ರ ಅರಮನೆ, 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಆದಿಲ್‌ಶಾಹ ಔರಂಗಜೇಬನಿಗೆ ಶರಣಾದದ್ದು ಅಲ್ಲೇ.

ಹನ್ನೆರಡೂವರೆಯಿಂದ ಮೂರೂವರೆ ತನಕ ತಿರುಗಬೇಡಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರು ಇದು. ಗಾಂಧಿ ಚೌಕದ ಸುತ್ತಮುತ್ತ ಖಾನಾವಳಿಗಳಿವೆ. ಜೋಳದ ರೊಟ್ಟಿ, ಎಣಗಾಯಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಮೊಸರು. ರೊಟ್ಟಿ ಎಷ್ಟಾದರೂ ಹಾಕುತ್ತಾರಾ, ಎಣಿಸುತ್ತಾರಾ ಎಂದು ಕೂರುವ ಮೊದಲೇ ಕೇಳಿ. ಮೂರು ಜನರ ಬಿಲ್ಲು ಏರುವುದು ಅಲ್ಲೇ. ಬೋರ್ಡಿನಲ್ಲಿ ಉತ್ತರ-ದಕ್ಷಿಣ ಭಾರತ ಎರಡೂ ಇರುವ ಹೋಟೆಲಿಗೆ ಹೋಗಿ ಫ್ರೈಡ್ ರೈಸ್ ತಿನ್ನುವುದಾದರೆ ಧಾರವಾಡದಲ್ಲೇ ತಿನ್ನಬಹುದು.

ಬಿಸಿಲಿಳಿದ ಮೇಲೆ ಮಲಿಕ್-ಎ-ಮೈದಾನ್. 1549ರಲ್ಲಿ ಅಹಮದ್‌ನಗರದಲ್ಲಿ ಎರಕಹೊಯ್ದ ತೋಪು, ತೂಕ 55 ಟನ್. ಬಾಯಿಯ ಹತ್ತಿರ ನಿಂತು ನೋಡಿ, ತೆರೆದ ದವಡೆಯ ಸಿಂಹ, ಹಲ್ಲಿನ ನಡುವೆ ಸಿಕ್ಕ ಆನೆ. 1854ರಲ್ಲಿ ಬ್ರಿಟಿಷರು ಇದನ್ನು 150 ರೂಪಾಯಿಗೆ ಹರಾಜು ಹಾಕಿ ಆಮೇಲೆ ರದ್ದುಮಾಡಿದರು. ನಿಮ್ಮಲ್ಲಿ ಒಬ್ಬರ ಬಜೆಟ್ಟಿಗೇ ಹತ್ತು ಬರುತ್ತಿದ್ದವು. ಹತ್ತಿರದ ಉಪ್ಪಲಿ ಬುರುಜಿಗೆ ಮೆಟ್ಟಿಲು ಹೊರಗಿನಿಂದ ಸುತ್ತುತ್ತವೆ, ಮೇಲಿಂದ ಊರಿಡೀ ಕಾಣುತ್ತದೆ.

ಸಂಜೆ ನಾಲ್ಕೂವರೆಯೊಳಗೆ ಇಬ್ರಾಹಿಂ ರೋಜಾ. ಇಲ್ಲೂ 25 ರೂಪಾಯಿ. ಗೋರಿ ಪೂರ್ವಕ್ಕೆ, ಮಸೀದಿ ಪಶ್ಚಿಮಕ್ಕೆ, ಇಳಿಬಿಸಿಲು ಗೋರಿಯ ಮುಖಕ್ಕೆ ಬೀಳುತ್ತದೆ. ಕಿಟಕಿಗಳ ಜಾಲಂಧ್ರ ಬರೀ ವಿನ್ಯಾಸವಲ್ಲ, ಕಲ್ಲಿನಲ್ಲಿ ಕೊರೆದ ಅರಬ್ಬಿ ಅಕ್ಷರಗಳು. ಬೆಳಕು ಅಕ್ಷರಗಳ ಸಂದಿನಿಂದಲೇ ಒಳಗೆ ಬರುತ್ತದೆ. ನನ್ನ ಮಟ್ಟಿಗೆ ಊರಿನ ಅತಿ ಚೆಂದದ ಕಟ್ಟಡ ಇದೇ, ಗೋಳಗುಮ್ಮಟ ಅಲ್ಲ. ಬಾಗಿಲು ಹಾಕುವವರೆಗೂ ಕೂರಿ.

ಮರುದಿನಕ್ಕೆ 1620ರ ದೊಡ್ಡ ಬಾವಿ ತಾಜ್ ಬಾವಡಿ, ಜೋಡ ಗುಮ್ಮಟ, ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನ್. ಮೂರಕ್ಕೂ ಬೆಳಗಿನ ಹೊತ್ತು ಸಾಕು. ಲಾಡ್ಜ್ ಬಸ್ ನಿಲ್ದಾಣದ ಕಡೆ ನೋಡಿ, ಮುಂಗಡ ಕೊಡುವ ಮೊದಲು ಕೋಣೆಯ ನಲ್ಲಿ ತಿರುಗಿಸಿ ನೀರು ಬರುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ. ಹುಡುಗಿಯರಿಬ್ಬರಿಗೂ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಮರೆಯಬಾರದು. ಸ್ಲೀಪರ್, ರಾಜಹಂಸ ಬಸ್ಸುಗಳಿಗೆ ಅದು ನಡೆಯುವುದಿಲ್ಲ.